ನೀಲಿ ದಾರದ ಕೊನೆಯ ಗಂಟು

ಸೂಜಿ ಹುಡುಕುತ್ತ ಹಳೆಯ ಬಿಸ್ಕೀಟು ಡಬ್ಬಿ ತೆಗೆದೆ. ಗುಂಡಿಗಳ ಅಡಿಯಲ್ಲಿ ಮೊಳದುದ್ದದ ನೀಲಿ ದಾರವೊಂದು ಸಿಕ್ಕಿತು. ಬೆಟಗೇರಿಯ ಮಗ್ಗದ ದಾರ, ಅದರಲ್ಲಿ ಮೂರು ಗಂಟು. ಮೂಸಿದರೆ ನಕ್ಷೆ ಅಚ್ಚು ಹಾಕುವ ಅಮೋನಿಯಾದ ಘಾಟು ಇನ್ನೂ ಇದ್ದಂತೆ ಅನಿಸಿತು... ಇರಲಾರದು, ನಲವತ್ತು ವರ್ಷವಾಯಿತು. ಆದರೂ ನಮ್ಮ ನಕ್ಷೆ ಸರ್ ಕಣ್ಣ ಮುಂದೆ ಬಂದು ನಿಂತರು.

ಎಂಬತ್ತರ ದಶಕದಲ್ಲಿ ನಾನು ಗದಗಿನ ಕಟ್ಟಡ ಕಚೇರಿಯೊಂದರಲ್ಲಿ ನಕ್ಷೆ ತೆಗೆಯುವ ಕೆಲಸಕ್ಕೆ ಸೇರಿದಾಗ ಅವರು ಅಲ್ಲಿ ಎಲ್ಲರಿಗಿಂತ ಹಿರಿಯ ನಕ್ಷೆಗಾರರು. ಶಿರಹಟ್ಟಿಯಲ್ಲಿ ಶಾಲೆಯ ಕೋಣೆ, ಮುಂಡರಗಿಯಲ್ಲಿ ದವಾಖಾನೆ, ಲಕ್ಷ್ಮೇಶ್ವರದ ಕಡೆ ಹಳ್ಳಕ್ಕೊಂದು ಸೇತುವೆ, ಹೀಗೆ ಇಪ್ಪತ್ತು ಕಾಮಗಾರಿಗಳಾದರೂ ಒಟ್ಟಿಗೇ ನಡೆಯುತ್ತಿದ್ದವು. ಅವರ ಬೆನ್ನ ಹಿಂದಿನ ಹಲಗೆಯಲ್ಲಿ ಒಂದೊಂದಕ್ಕೂ ಒಂದು ಮೊಳೆ, ಮೊಳೆಗೊಂದು ಬಣ್ಣದ ದಾರ. ಬುನಾದಿ ಮುಗಿದರೆ ಒಂದು ಗಂಟು, ಕಂಬ ಎದ್ದರೆ ಇನ್ನೊಂದು, ಕೆಲಸ ಪೂರ್ತಿಯಾದರೆ ಕಡೆಯದು. ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಿ ಬಂದವರೇ ಗಂಟು ಹಾಕಬೇಕು, ಅದರಲ್ಲಿ ಮಾತ್ರ ಯಾರಿಗೂ ಮಾಫಿ ಇರಲಿಲ್ಲ.

ಅಷ್ಟರಲ್ಲಿ ಮೇಲಿನ ಕಚೇರಿಗೆ ಕಂಪ್ಯೂಟರ್ ಬಂತು. ನಾವು ತಿಂಗಳಿಗೊಮ್ಮೆ ಫಾರ್ಮ್ ತುಂಬಿ ಕಳಿಸಿದರೆ, ಎಲ್ಲ ಕಾಮಗಾರಿಗಳ ಪಟ್ಟಿ ಅಂಚಿಗೆ ತೂತುಗಳಿದ್ದ ಉದ್ದನೆಯ ಕಾಗದದಲ್ಲಿ ಅಚ್ಚಾಗಿ ಬರುತ್ತಿತ್ತು. ಅದರ ಚೆಂದಕ್ಕೆ ಕಚೇರಿಯೇ ಮರುಳಾಯಿತು. ಕೈ ತೊಳೆದುಕೊಂಡು ಬಂದು ಮುಟ್ಟುವ ಗುಮಾಸ್ತರೂ ಇದ್ದರು! ತುಂಬುವ ಕೆಲಸ ನನ್ನದು. ಯಾವ ಕೆಲಸ ಬಾಕಿ ಇದೆ ಎಂದು ಬರೆಯಲು ಆ ಫಾರ್ಮಿನಲ್ಲಿ ಜಾಗವೇ ಇಲ್ಲ, ನೂರಕ್ಕೆ ಎಷ್ಟು ಮುಗಿಯಿತು ಎಂದಷ್ಟೇ ಕೇಳುತ್ತಿತ್ತು. ಸೇತುವೆ ಮುಗಿದಂತೆಯೇ ಎಂದು ಗುತ್ತಿಗೆದಾರ ಹೇಳಿದ. ನಾನು ತೊಂಬತ್ತು ಎಂದು ಬರೆದೆ.

ಪಟ್ಟಿಯ ಜೊತೆಗೆ ಆದೇಶವೂ ಬಂತು, ಸೇತುವೆ ಹೇಗೂ ಮುಗಿಯುತ್ತ ಬಂದಿದೆ, ಅಲ್ಲಿಯ ಗಾರೆ ಕೆಲಸದ ಗೌಂಡಿಗಳನ್ನು ಮುಂಡರಗಿಗೆ ಕಳಿಸಿ ಎಂದು. ಮಳೆಗಾಲಕ್ಕೆ ಇನ್ನೆರಡು ತಿಂಗಳೂ ಇರಲಿಲ್ಲ. ಹಳ್ಳ ತುಂಬಿದರೆ ಆಚೆಯ ಊರಿನವರಿಗೆ ಸಂತೆಯೂ ಇಲ್ಲ, ದವಾಖಾನೆಯೂ ಇಲ್ಲ. ಹಲಗೆಯ ಮೇಲೆ ಸೇತುವೆಯ ನೀಲಿ ದಾರಕ್ಕೆ ಎರಡೇ ಗಂಟು ಇದ್ದವು. ಸರ್ ಛತ್ರಿ ಹಿಡಿದು ಬಸ್ ಹತ್ತಿದರು. ಸಂಜೆ ಧೋತರಕ್ಕೆಲ್ಲ ಧೂಳು ಮೆತ್ತಿಸಿಕೊಂಡು ಬಂದು, ಕಂಬಗಳ ಮೇಲೆ ಇನ್ನೂ ಕಾಂಕ್ರೀಟಿನ ಹಾಸೇ ಬಿದ್ದಿಲ್ಲ ಎಂದರು. ನಾನು ಫಾರ್ಮಿನ ಪ್ರತಿ ತೆಗೆದು ನಾನೇ ಬರೆದ ತೊಂಬತ್ತನ್ನು ನೋಡಿದೆ.

ಮರುದಿನ ಅವರು ಅಚ್ಚಾದ ಪಟ್ಟಿಯನ್ನೂ ಹಲಗೆಯನ್ನೂ ನಮ್ಮ ಕಚೇರಿಯ ಸಾಹೇಬರ ಮುಂದೆ ಇಟ್ಟರು. ಕಂಪ್ಯೂಟರಿಗಿಂತ ನಿಮ್ಮ ದಾರ ಶ್ಯಾಣ್ಯಾ ಆಯಿತೇನು ಎಂದು ಸಾಹೇಬರು ಸಿಡುಕಿದರು.

“ಕಂಪ್ಯೂಟರ್ ಸುಳ್ಳ ಹೇಳಿಲ್ರಿ ಸಾಹೇಬ್ರ. ನಾವು ನೋಡಲಾರದ ಬರದು ಕೊಟ್ಟೇವಿ, ಅದು ಅದನ್ನ ಛಾಪಿಸೇತಿ.”

ಬರೆದವಳು ನಾನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ತಪ್ಪಿನಲ್ಲಿ ತಮ್ಮದೂ ಪಾಲಿದೆ ಎಂಬಂತೆ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ, ಎದ್ದು ಒಪ್ಪಿಕೊಂಡೆ. ಸಾಹೇಬರು ದಾರದ ಗಂಟು ಎಣಿಸಿ ಆದೇಶವನ್ನು ತಡೆಹಿಡಿದರು.

ಗೌಂಡಿಗಳು ಅಲ್ಲೇ ಉಳಿದರು. ಹಾಸು ಬಿತ್ತು, ಮಳೆಯೂ ಶುರುವಾಯಿತು. ಒಂದು ದಿನ ಸರ್ ತಮ್ಮ ಛತ್ರಿಯನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟರು.

“ತಂಗಿ, ನೀನ ಹೋಗಿ ನೋಡಿ ಬಾ. ಕಡೀ ಗಂಟು ನಿಂದು.”

ನಮ್ಮ ಕಚೇರಿಯಿಂದ ಹೆಣ್ಣುಮಗಳು ಸೈಟಿಗೆ ಹೋಗಿದ್ದು ಅದೇ ಮೊದಲು. ಕೆಳಗೆ ಕೆಂಪು ನೀರು ಹರಿಯುತ್ತಿತ್ತು, ಮೇಲೆ ಬಾಣಂತಿಯನ್ನು ಕೂರಿಸಿಕೊಂಡ ಚಕ್ಕಡಿಯೊಂದು ಆರಾಮಾಗಿ ದಾಟಿತು. ನಾನು ಆ ತುದಿಯಿಂದ ಈ ತುದಿಗೆ ಮೂರು ಸಲ ನಡೆದೆ. ಬಂದು ಹಾಕಿದ ಗಂಟು ಸಡಿಲವಾಗಿತ್ತು, ಸರ್ ಅದನ್ನು ಮುಟ್ಟಲಿಲ್ಲ.

ಮುಂದಿನ ವರ್ಷದ ಫಾರ್ಮಿನಲ್ಲಿ ಹೊಸದೊಂದು ಕಾಲಮು ಸೇರಿತ್ತು: ಸ್ಥಳ ನೋಡಿದವರು ಯಾರು, ಯಾವ ದಿನ. ಅದು ನಮ್ಮ ಹಲಗೆಯಿಂದಲೇ ಹೋದದ್ದು ಎಂದು ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತೇನೆ, ಯಾರು ನಂಬಲಿ ಬಿಡಲಿ.

ನಿವೃತ್ತಿಯ ದಿನ ಅವರು ಈ ದಾರವನ್ನು ನನ್ನ ಕೈಗಿಟ್ಟು ಮುಳಗುಂದಕ್ಕೆ ಹೋದರು. ಹೋಗಿ ಬರಬೇಕು, ಹೋಗಿ ಬರಬೇಕು ಅನ್ನುತ್ತಲೇ ಇದ್ದೆ... ಅವರು ತೀರಿಕೊಂಡ ಖಬರು ನನಗೆ ಮುಟ್ಟಿದ್ದು ತಿಂಗಳ ಮೇಲೆ. ಹೋಗಿ ನೋಡುವುದನ್ನು ಕಲಿಸಿದವರನ್ನೇ ಕಡೆಗೊಮ್ಮೆ ಹೋಗಿ ನೋಡಲಿಲ್ಲ.

ಡಬ್ಬಿ ಮುಚ್ಚುವ ಮೊದಲು ದಾರವನ್ನು ಬೆಳಕಿಗೆ ಹಿಡಿದೆ. ಮೂರನೆಯ ಗಂಟು ಹಾಗೇ ಸಡಿಲವಾಗಿದೆ. ಬಿಗಿ ಮಾಡಲು ಕೈ ಬರಲಿಲ್ಲ.