ಎರಡು ಸೀಸೆ, ಒಂದು ಜೇಬು

ಮೊದಲು ಊದಿಕೊಂಡದ್ದು ಕಣ್ಣಿನ ರೆಪ್ಪೆಯೋ, ಅದಕ್ಕೂ ಮೊದಲೇ ಕತ್ತು ತುರಿಸುತ್ತಿತ್ತೋ, ನನಗೆ ಖಚಿತವಿಲ್ಲ. ತುರ್ತು ಪರಿಸ್ಥಿತಿ ಮುಗಿದ ವರ್ಷದ ಬೇಸಿಗೆ ಎಂಬುದಷ್ಟೇ ನಿಜ. ಉಳಿದದ್ದನ್ನು ನೆನಪಿರುವಂತೆ ಬರೆಯುತ್ತಿದ್ದೇನೆ. ನನ್ನ ನೆನಪಿನ ಮೇಲೆ ನನಗೀಗ ಅಂಥ ನಂಬಿಕೆಯೇನೂ ಇಲ್ಲ.

ಒಂದು ಬೆಳಿಗ್ಗೆ ರಾಜಾಜಿನಗರದ ಮನೆಯಲ್ಲಿ ಎದ್ದಾಗ ಕಣ್ಣು ತೆರೆಯಲಿಲ್ಲ.

ಬದನೆಕಾಯಿಯ ನಂಜು ಎಂದಳು ಅವ್ವ. ಬಡಾವಣೆಯ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಊತ ಇಳಿಯಿತು. ಲ್ಯಾಬಿಗೆ ಹೋದೆ. ಸಂಜೆಗೆ ಮತ್ತೆ ಊದಿತು.

ಲ್ಯಾಬಿನಲ್ಲಿ ನಾನು ಮಾಡುತ್ತಿದ್ದದ್ದು ಆನೆಕಾಲು ರೋಗದ ಹುಳುವಿನ ಮೇಲೆ ಪರೀಕ್ಷಿಸಬೇಕಾದ ಒಂದು ಹೊಸ ಸಂಯುಕ್ತ. ತಿಂಗಳುಗಟ್ಟಲೆ ಅದು ಫ್ಲಾಸ್ಕಿನ ತಳದಲ್ಲಿ ಕಾಕಂಬಿಯಂತೆ ಅಂಟಿಕೊಂಡಿತ್ತು. ಗಾಜಿನ ಕಡ್ಡಿಯಿಂದ ಒಳಗೋಡೆಯನ್ನು ಕೆರೆದು ಕೆರೆದು ಕೊನೆಗೂ ಹರಳುಗಟ್ಟಿಸಿದ್ದೆ. ನನ್ನ ಪಿಎಚ್.ಡಿ. ಪೂರ್ತಿ ಅದರ ಮೇಲೆ ನಿಂತಿತ್ತು. ಈಗ ಅದರ ಧೂಳೇ ನನ್ನ ಮೈಗೆ ಆಗಿಬರುತ್ತಿಲ್ಲವೇ? ಅಥವಾ ಪಾತ್ರೆ, ಕೈ ತೊಳೆಯಲು ನಾವು ನೀರಿನಂತೆ ಸುರಿದುಕೊಳ್ಳುತ್ತಿದ್ದ ಅಸಿಟೋನ್ ದ್ರಾವಕದಲ್ಲಿ ಏನಾದರೂ ಕೊಳೆ ಸೇರಿದೆಯೇ? ಅಸಿಟೋನ್ ಆದರೆ ಬೇರೆ ತರಿಸಬಹುದು. ಸಂಯುಕ್ತವೇ ಆದರೆ ನಾನೇ ಹೊರಗೆ.

ಚರ್ಮದ ಡಾಕ್ಟರನ್ನು ಕೇಳಬಹುದಿತ್ತು. ಕೇಳಲಿಲ್ಲ. ಪ್ರಯೋಗ ಮಾಡುವುದೇ ನನ್ನ ಕಸುಬಲ್ಲವೇ? ಸಂಯುಕ್ತದ ಒಂದು ಕಣವನ್ನು ಅಸಿಟೋನಿನಲ್ಲಿ ಕರಗಿಸಿ ಒಂದು ಸೀಸೆಗೆ, ಬರೀ ಅಸಿಟೋನನ್ನು ಇನ್ನೊಂದಕ್ಕೆ ತುಂಬಿಸಿ ಮನೆಗೆ ತಂದೆ. ಎರಡೂ ಒಂದೇ ಥರ ತಿಳಿಯಾಗಿದ್ದವು. ಹೆಸರು ಅಂಟಿಸಲಿಲ್ಲ, ಇರುವುದೇ ಎರಡು, ಮರೆಯುವುದೇನು ಬಂತು? ಒಂದೊಂದು ತೋಳಿಗೆ ಒಂದೊಂದರ ತೊಟ್ಟು ಹಾಕಿಕೊಂಡೆ. ತುರಿಕೆಗೆ ಕೊಟ್ಟಿದ್ದ ಮಂಪರಿನ ಮಾತ್ರೆ ನುಂಗಿ ಮಲಗಿದೆ.

ಎಡತೋಳಿನ ತುಂಬ ಬೊಬ್ಬೆ ಎದ್ದವು. ಬಲತೋಳಿಗೆ ಏನೂ ಆಗಲಿಲ್ಲ.

ಜ್ವರವೂ ಬಂದು ಆಸ್ಪತ್ರೆ ಸೇರಿದೆ. ಸ್ಟೆರಾಯ್ಡ್ ಶುರುವಾಯಿತು. ಮೈ ಪೂರ್ತಿ ವಾಸಿಯಾಗುವವರೆಗೆ ಇನ್ನೊಂದು ತೊಟ್ಟನ್ನೂ ಮುಟ್ಟಕೂಡದೆಂದು ಚರ್ಮದ ಡಾಕ್ಟರು ಗದರಿದರು. ನನ್ನ ಗೈಡ್ ನೋಡಲು ಬಂದರು. ಮಂಚದ ಪಕ್ಕ ನಿಂತು ಕೇಳಿದ್ದು ಒಂದೇ ಪ್ರಶ್ನೆ.

"ಎಡಗೈಗೆ ಹಾಕಿದ್ದು ಯಾವುದಪ್ಪಾ?"

"ನಮ್ಮ ಕಾಂಪೌಂಡ್, ಸಾರ್."

ಹೇಗೆ ಗೊತ್ತು ಎಂದರು. ವಿವರಿಸಿದೆ. ಅಂಗಿಯ ಎಡಜೇಬಿನಲ್ಲಿ ಸಂಯುಕ್ತ, ಬಲಜೇಬಿನಲ್ಲಿ ಅಸಿಟೋನ್. ಎಡದ್ದು ಎಡತೋಳಿಗೆ, ಬಲದ್ದು ಬಲತೋಳಿಗೆ. ಸೀಸೆಗಳನ್ನು ಜೇಬಿಗೆ ಇಳಿಸಿದ ಗಳಿಗೆಯೂ ನನ್ನ ಕಣ್ಣ ಮುಂದಿತ್ತು.

ಕಿತ್ತಳೆ ಸುಲಿಯುತ್ತಿದ್ದ ಅವ್ವ ತಲೆ ಎತ್ತಿದಳು. "ನಿನ್ನ ಯಾವ ಅಂಗಿಗೆ ಎರಡು ಜೇಬು ಐತೋ? ಒಗೆಯೋಳು ನಾನು. ಎಲ್ಲದಕ್ಕೂ ಒಂದೇ."

ಗೈಡ್ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಸೀಸೆಗಳೆಲ್ಲಿ ಎಂದೆ.

"ಬಿಸಿನೀರಲ್ಲಿ ತೊಳೆದು ಬೋರಲು ಹಾಕೀನಿ ಕಣೋ. ಏನು ನಾತ ಅದು."

ಕೊಳೆ ಅಸಿಟೋನಿನದೇ ಇರಬೇಕು, ಹೊಸದು ತರಿಸುತ್ತೇನೆ, ಬಂದುಬಿಡು ಎಂದು ಗೈಡ್ ಹೇಳಿ ಹೋದರು. ನನಗೆ ಧೈರ್ಯ ಸಾಲಲಿಲ್ಲ. ತಿಂಗಳುಗಟ್ಟಲೆ ಮನೆಯಲ್ಲಿ ಕೂತು ಇಲ್ಲದ ಜೇಬಿಗೆ ಸೀಸೆ ಇಳಿಸುವುದನ್ನೇ ಮತ್ತೆ ಮತ್ತೆ ಕಂಡೆ. ಎಷ್ಟು ಸಲ ಕಂಡರೂ ಅದು ಅಷ್ಟೇ ಸ್ಪಷ್ಟ, ಅಷ್ಟೇ ಸುಳ್ಳು. ಅದಕ್ಕೇ ಸಿಟ್ಟು. ಕಾಯಿಲೆಯಾದರೂ ಚರ್ಮದಲ್ಲಿ ನಿಂತಿತ್ತು. ಈ ಅನುಮಾನ ನಾನು ಓದಿದ್ದರ, ಮಾಡಿದ್ದರ ಒಳಗೆಲ್ಲ ಹೊಕ್ಕಿತು. ಕೊನೆಗೆ ಲ್ಯಾಬಿನ ಬೆಂಚು ಬಿಟ್ಟೆ. ಸಂಶೋಧನಾ ಪತ್ರಿಕೆಗಳ ಸಾರಾಂಶ ಬರೆಯುವ ಕೆಲಸ ಹಿಡಿದೆ. ನನ್ನ ಸಂಯುಕ್ತ ಕಿರಿಯನೊಬ್ಬನ ಪಾಲಾಯಿತು. ಬೆಳಿಗ್ಗೆ ಕಣ್ಣು ತಾನಾಗಿ ತೆರೆಯುತ್ತದೆ. ಅದು ಸಣ್ಣ ಮಾತಲ್ಲ ಎಂದು ಈಗ ತಿಳಿದಿದೆ. ಆದರೂ, ವೃಥಾ ಬಿಟ್ಟೆನೇ ಎಂಬ ಪ್ರಶ್ನೆ ಆಗ ಬಿಡಲಿಲ್ಲ.

ಮೈ ವಾಸಿಯಾದ ಮೇಲೆ ಚರ್ಮದ ಡಾಕ್ಟರ ಬಳಿ ಹೋಗಿ, ನೀವೇ ಪರೀಕ್ಷೆ ಮಾಡಿ, ಯಾವುದು ಎಲ್ಲಿ ಎಂದು ನನಗೆ ಹೇಳಬೇಡಿ ಎಂದೆ. ಕಿರಿಯನಿಂದ ಸ್ವಲ್ಪ ಹರಳು ತರಿಸಿ, ಬಹಳ ತೆಳುವಾಗಿ ಕರಗಿಸಿ, ಬೆನ್ನ ಮೇಲೆ ಮೂರು ಪಟ್ಟಿ ಹಾಕಿದರು. ಒಂದರಲ್ಲಿ ಏನೂ ಇಲ್ಲ, ಒಂದರಲ್ಲಿ ಲ್ಯಾಬಿನ ಹಳೆಯ ಅಸಿಟೋನ್, ಒಂದರಲ್ಲಿ ಸಂಯುಕ್ತ. ಬೆನ್ನು ನನಗೆ ಕಾಣುವುದಿಲ್ಲ. ನನ್ನ ಕಣ್ಣಿಗೂ ನೆನಪಿಗೂ ಅಲ್ಲಿ ಕೆಲಸವಿರಲಿಲ್ಲ.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ನೋಡಿ, ನಡುವಿನದೊಂದೇ ಕೆಂಪಾಗಿ ಗುಳ್ಳೆ ಎದ್ದಿದೆ ಎಂದರು. ನಡುವೆ ಹಾಕಿದ್ದು ಸಂಯುಕ್ತ.