ಕಾರು ತಿರುಗದ ಓಣಿ

ನಾನಿರುವುದು ಬಳ್ಳಾರಿಯ ಬ್ರೂಸ್‌ಪೇಟೆಯ ಓಣಿಯೊಂದರಲ್ಲಿ. ನನ್ನ ಕಾರು ಇರುವುದು ಪಾರ್ವತಿನಗರದಲ್ಲಿ, ಬಾಮೈದನ ಕಾಂಪೌಂಡಿನೊಳಗೆ. ಕಾರಿನಲ್ಲಿ ಎಲ್ಲಿಗಾದರೂ ಹೋಗಬೇಕೆಂದರೆ ಮೊದಲು ಆಟೋ ಹಿಡಿದು ಕಾರಿನವರೆಗೆ ಹೋಗಬೇಕು. ಅಷ್ಟರಲ್ಲಿ ಬಾಮೈದ ಅದನ್ನು ಸಿರುಗುಪ್ಪಕ್ಕೆ ಒಯ್ದಿರುತ್ತಾನೆ. ನಿಂತಲ್ಲೇ ನಿಂತರೆ ಬ್ಯಾಟರಿ ಹಾಳಾಗುತ್ತದಂತೆ. ನನ್ನ ಬ್ಯಾಟರಿಯ ಮೇಲೆ ಅವನಿಗಿರುವ ಕಾಳಜಿ ದೊಡ್ಡದು.

ತಪ್ಪು ಕಾರಿನದಲ್ಲ, ಓಣಿಯದು. ಇದನ್ನು ಕಟ್ಟಿದ ಹಿರಿಯರು, ಎರಡು ಎಮ್ಮೆ ಎದುರುಬದುರಾದರೆ ಒಂದು ಮರ್ಯಾದೆಯಿಂದ ಹಿಂದೆ ಸರಿಯುತ್ತದೆಂದು ನಂಬಿದ್ದರು. ಊರ ಪಕ್ಕದ ಸಂಗನಕಲ್ಲಿನ ಗುಡ್ಡದಲ್ಲಿ ಕಲ್ಲುಕೊಡಲಿ ಮಸೆಯುತ್ತಿದ್ದ ಆದಿಮಾನವರು ಇದಕ್ಕಿಂತ ಹೆಚ್ಚು ಜಾಗ ಬಿಟ್ಟುಕೊಂಡು ಕೂತಿದ್ದಿರಬೇಕು. ನಾಗರಿಕತೆ ಬಂದಮೇಲೆಯೇ ಇಕ್ಕಟ್ಟು.

ಓಣಿಯ ತಿರುವಿನಲ್ಲಿ ನಮ್ಮ ಕಟ್ಟೆ, ಎದುರಿಗೆ ರಜಿಯಾಬಿಯವರ ಕಟ್ಟೆ. ಎರಡರಲ್ಲೊಂದನ್ನು ಒಡೆದರೆ ಕಾರು ತಿರುಗುತ್ತದೆ ಎಂದು ಮೇಸ್ತ್ರಿ ಹೇಳಿದ. ಯಾವುದೆಂದು ತೀರ್ಮಾನಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪರಂಪರೆಯ ಮೇಲೆ ನನಗೆ ಅಪಾರ ಗೌರವ, ಅದು ನಮ್ಮ ಮನೆಯದಾಗಿದ್ದರೆ. ರಜಿಯಾಬಿಯವರ ಮಗ ಖಾಜಾ ಮುಂದಿನ ಕೋಣೆಯಲ್ಲಿ ಜೀನ್ಸ್ ಹೊಲಿಯುತ್ತಾನೆ. ಅವನೆದುರು ಕೂತು ನಗರದ ಬೆಳವಣಿಗೆ, ಆಂಬುಲೆನ್ಸು, ಮಕ್ಕಳ ಭವಿಷ್ಯ ಎಂದೆಲ್ಲ ವಿವರಿಸಿದೆ. ಕಾರಿನ ಸುದ್ದಿ ಮಾತ್ರ ಎತ್ತಲಿಲ್ಲ. ಅವನು ಮಿಷನ್ ನಿಲ್ಲಿಸದೆಯೇ, ಅಮ್ಮಿಯನ್ನು ಕೇಳಿ ಎಂದ.

ಅಮ್ಮಿ ತಮ್ಮ ಕಟ್ಟೆಯ ಮೇಲೇ ಇದ್ದರು. ಪಕ್ಕದಲ್ಲಿ ನನ್ನ ಅವ್ವ, ಮೊರದಲ್ಲಿ ಅಕ್ಕಿ ಆರಿಸುತ್ತ. ಸಂಜೆಯಾದರೆ ಇಬ್ಬರೂ ಅಲ್ಲೇ. ರಜಿಯಾಬಿ ತಕರಾರು ತೆಗೆಯಲಿಲ್ಲ.

"ಒಡಿ ತಮ್ಮಾ, ನಿನ್ನ ಕಾರು ಬರಲಿ. ನಾನು ನಿಮ್ಮ ಕಟ್ಟಿ ಮ್ಯಾಲ ಬಂದು ಕುಂದರ್ತೀನಿ."

ಗೆದ್ದೆ ಅಂದುಕೊಂಡೆ. ಅವ್ವ ಮೊರದಿಂದ ತಲೆ ಎತ್ತಲಿಲ್ಲ.

"ನಮ್ಮದು ಎತ್ತರ ಐತಿ. ಆಕಿ ಮಣಕಾಲಿಗೆ ಹತ್ತಾಕ ಆಗಂಗಿಲ್ಲ. ಒಡಿಯೋದಾದ್ರ ನಮ್ಮದ ಒಡಿ."

ರಜಿಯಾಬಿ ಒಪ್ಪಲಿಲ್ಲ. ಅವ್ವನೂ ಬಿಡಲಿಲ್ಲ. ತಮ್ಮ ತಮ್ಮ ಕಟ್ಟೆಯನ್ನೇ ಒಡೆಯಬೇಕೆಂದು ಇಬ್ಬರೂ ಹಟಕ್ಕೆ ಬಿದ್ದರು. ಜಗಳವೆಂದರೆ ಇನ್ನೊಬ್ಬರದನ್ನು ಒಡೆಯುವುದಕ್ಕೆ ಎಂದು ತಿಳಿದಿದ್ದ ನಾನು, ಯಾರದೂ ಬೇಡ ಎಂದು ಗೊಣಗಿ ಒಳಗೆ ಹೋದೆ.

ಮೇಸ್ತ್ರಿಗೆ ಹೇಳುವುದು ಮರೆತಿತ್ತು. ಮರುದಿನ ಅವನು ಸುತ್ತಿಗೆ, ಇಟ್ಟಿಗೆ, ಸಿಮೆಂಟು ಸಮೇತ ಹಾಜರಾದ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಅವನಿಗೆ ಬೇರೆ ಕೆಲಸ ಹಚ್ಚಿದಳು. ಸಂಜೆಯ ಹೊತ್ತಿಗೆ ನಮ್ಮ ಕಟ್ಟೆಗೆ ಓಣಿಯೊಳಕ್ಕೆ ಚಾಚಿದ ಅಗಲವಾದ, ಗಿಡ್ಡನೆಯ ಮೆಟ್ಟಿಲೊಂದು ಬಂದಿತ್ತು, ರಜಿಯಾಬಿ ಹತ್ತಿ ಬರಲಿ ಎಂದು. ಕೈ ತೊಳೆಯುತ್ತ ಮೇಸ್ತ್ರಿ, ಇನ್ನು ಎದುರಿನ ಕಟ್ಟೆ ಒಡೆದರೂ ಕಾರು ತಿರುಗದು ಎಂದು ನನಗೆ ತಿಳಿಹೇಳಿದ.

ಸಿಮೆಂಟು ಒಣಗಿದ ಮೇಲೆ, ನಷ್ಟದ ಅಂದಾಜು ಮಾಡಲೆಂದು ಒಂದು ಸಂಜೆ ಆ ಮೆಟ್ಟಿಲ ಮೇಲೆ ಕೂತೆ. ತಂಗಾಳಿ ಬರುತ್ತಿತ್ತು. ಖಾಜಾ ಚಹಾ ಕಳಿಸಿದ. ಎದ್ದು ಹೋಗುವ ಮನಸ್ಸೇ ಆಗಲಿಲ್ಲ. ಅಷ್ಟರಲ್ಲಿ ರಜಿಯಾಬಿ ಗೋಡೆ ಹಿಡಿದು ನಿಧಾನವಾಗಿ ಬಂದು ಎದುರು ನಿಂತರು.

"ಒಂಚೂರು ಸರಕೋ ತಮ್ಮಾ, ಮ್ಯಾಲ ಹೋಗಾಕ ದಾರಿ ಬಿಡು."