ಬೆಳ್ಳಕ್ಕಿ ಮರಳುವ ಹೊತ್ತು

ಅರವತ್ತರ ದಶಕದಲ್ಲಿ ನಾವು ತಿರುವನಂತಪುರದಲ್ಲಿದ್ದೆವು. ಯಜಮಾನರಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ಬೇಸಿಗೆ ರಜೆ ಬಂತೆಂದರೆ ಕಾಸರಗೋಡಿನ ಕಡೆಯಿಂದ ನೆಂಟರು ಬರುತ್ತಿದ್ದರು, ಅವರಿಗೆ ಊರು ತೋರಿಸುವುದು ನನ್ನ ಪಾಲಿಗೆ. ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವಳು ನಾನು. ಅದೇ ಶಿಸ್ತಿನಲ್ಲಿ ಬೆಳಗ್ಗೆ ಬುತ್ತಿ ಕಟ್ಟಿ ಎಲ್ಲರನ್ನೂ ಬಸ್ಸು ಹತ್ತಿಸುತ್ತಿದ್ದೆ. ಮೃಗಾಲಯ, ವೇಳಿಯ ಹಿನ್ನೀರು, ಕೋವಳಂ. ಎಷ್ಟೇ ದೂರ ಹೋದರೂ ಸೂರ್ಯ ಇಳಿಯುವ ಮೊದಲು ಮನೆ ಸೇರಲೇಬೇಕು, ಏಕೆಂದರೆ ಮುಸ್ಸಂಜೆಗೆ ದೇವರ ಮುಂದೆ ದೀಪ ಹಚ್ಚಬೇಕು. ಅದನ್ನು ಮನೆಯ ಹೆಂಗಸೇ ಹಚ್ಚಬೇಕು. ಇದು ಅತ್ತೆಯ ಕಟ್ಟಳೆ.

ಹಾಗಾಗಿ ನಾವು ಕಂಡದ್ದೆಲ್ಲ ಮಧ್ಯಾಹ್ನದ್ದು. ಹುಲಿ ಬೆನ್ನು ತಿರುಗಿಸಿ ಮಲಗಿರುತ್ತಿತ್ತು. ನೀರಾನೆಯ ಮೂಗಿನ ಹೊಳ್ಳೆ ಎರಡು ಮಾತ್ರ ನೀರಿನ ಮೇಲೆ ಕಾಣುತ್ತಿದ್ದವು. ಕೋವಳದ ಮರಳು ಕಾಲು ಸುಡುತ್ತಿತ್ತು. ನಾವು ವಾಪಸು ಬಸ್ಸಿಗೆ ನಿಂತಾಗ ಎದುರಿನ ಬಸ್ಸಿನಿಂದ ಸೂರ್ಯಾಸ್ತ ನೋಡುವವರು ಇಳಿಯುತ್ತಿದ್ದರು.

"ಅವರ ಮನೇಲಿ ದೀಪ ಇಲ್ವಾ?" ಎಂದು ಒಬ್ಬ ನೆಂಟರಮ್ಮ ಕೇಳಿದ್ದರು.

"ಕರೆಂಟು ಉಂಟು" ಎಂದು ಅತ್ತೆ ಹೇಳಿ ಬಸ್ಸು ಹತ್ತಿದ್ದರು.

ಎಪ್ಪತ್ತರ ದಶಕದ ಶುರುವಿಗೆ ಕೊಚ್ಚಿಗೆ ವರ್ಗವಾಯಿತು. ಎರ್ನಾಕುಲದ ನಮ್ಮ ಬಾಡಿಗೆ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಹಿನ್ನೀರಿನ ಪಕ್ಕ, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ತೋಪೊಂದಿತ್ತು, ಹಕ್ಕಿಗಳಿಗೆ ಹೆಸರಾದದ್ದು. ಅದನ್ನೂ ನಾವು ಒಂದು ಭಾನುವಾರ ಮಧ್ಯಾಹ್ನವೇ ನೋಡಿದೆವು. ಕೆಸರು, ಏಡಿ, ಎಲೆಯ ಮೇಲೆಲ್ಲ ಬಿಳಿ ಹಿಕ್ಕೆ. ಹಕ್ಕಿ ಒಂದೂ ಇರಲಿಲ್ಲ.

ಪಕ್ಕದ ಮನೆಯ ಮಲಯಾಳಿ ಹೆಂಗಸು, ನಾವು ಚೇಚಿ ಅಂದರೆ ಅಕ್ಕ ಎನ್ನುತ್ತಿದ್ದವಳು, ಕೇಳಿ ನಕ್ಕಳು. "ನಿಮಗೆ ಯಾರು ಹೇಳಿದ್ದು ಮಧ್ಯಾಹ್ನ ಹೋಗ್ಲಿಕ್ಕೆ ಅಮ್ಮೇ? ನಡು ಹಗಲಲ್ಲಿ ಅವು ಮನೇಲಿ ಕೂತಿರ್ತವಾ? ಸಂಧ್ಯೆಗೆ ಹೋಗಿ. ಬೆಳ್ಳಕ್ಕಿ ಬಂದು ಕೂತು ಮರವೇ ಬೆಳ್ಳಗಾಗ್ತದೆ."

ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಿದರು. ಅವರು ಹುಡುಗಿಯಾಗಿದ್ದಾಗ ಗದ್ದೆಯಲ್ಲಿ ಕೋಣಗಳ ಹಿಂದೆ ಬೆಳ್ಳಕ್ಕಿಗಳು ನಡೆಯುತ್ತಿದ್ದವಂತೆ. ಸಂಜೆಯಾದರೆ ಎದ್ದು ಒಂದೇ ದಿಕ್ಕಿಗೆ ಹಾರುತ್ತಿದ್ದವು. ಎಲ್ಲಿಗೆ ಎಂದು ಕೇಳಿದರೆ ದೊಡ್ಡವರು, "ಅವಕ್ಕೂ ಮನೆ ಉಂಟು, ನೀನು ಒಳಗೆ ಹೋಗಿ ದೀಪ ಹಚ್ಚು" ಎನ್ನುತ್ತಿದ್ದರಂತೆ. ಅಂದಿನಿಂದ ಆ ಪ್ರಶ್ನೆ ಹಾಗೇ ಉಳಿದಿತ್ತು.

"ಒಮ್ಮೆ ನೋಡ್ಬೇಕಿತ್ತು ಮಾರಾಯ್ತಿ" ಎಂದರು ನನ್ನೊಡನೆ.

ಯಜಮಾನರು ಪೇಪರಿನ ಹಿಂದಿನಿಂದಲೇ ಹೇಳಿದರು: "ಒಂದು ದಿನ ಚೇಚಿ ಹಚ್ಚಲಿ, ಇಬ್ಬರೂ ಹೋಗಿ."

"ನಮ್ಮ ದೀಪ ಅವಳು ಹಚ್ಚಿದರೆ ಅವಳದ್ದು ಯಾರು, ನೀನು ಹಚ್ತೀಯಾ?" ಎಂದರು ಅತ್ತೆ.

ಯಜಮಾನರು ಪೇಪರಿನ ಪುಟ ತಿರುಗಿಸಿದರು.

ಕಡೆಗೆ ನಾನೇ ಮನೆಯಲ್ಲಿ ಉಳಿದು ಅತ್ತೆಯನ್ನು ಯಜಮಾನರ ಜೊತೆ ಕಳಿಸಿದೆ. ದೀಪ ಹಚ್ಚಿ ಜಗುಲಿಯಲ್ಲಿ ಕಾದೆ. ಕತ್ತಲಾದ ಮೇಲೆ ಬಂದರು. "ಅಮ್ಮ ಒಂದು ಮಾತೂ ಆಡಲಿಲ್ಲ. ನನಗೆ ಸೊಳ್ಳೆ ಕಚ್ಚಿತು" ಎಂದರು ಯಜಮಾನರು. ಅತ್ತೆ ಕಾಲು ತೊಳೆದು ಬಂದು ದೀಪದ ಮುಂದೆ ಕೂತರು. ಬತ್ತಿ ಸ್ವಲ್ಪ ಮುಂದಕ್ಕೆ ಸರಿಸಿ, "ನಾಳೆ ನೀನು ಹೋಗು. ದೀಪ ನಾನು ನೋಡಿಕೊಳ್ತೇನೆ" ಎಂದರು.

ಹೋದೆ. ಮೊದಲು ನೀರಿನ ಆಚೆ ಒಂದು ಬಿಳಿ ಗೆರೆ. ಗೆರೆ ಹತ್ತಿರಕ್ಕೆ ಬಂದು ಹಕ್ಕಿಗಳಾಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕೂತವು ಜಾಗಕ್ಕಾಗಿ ಜಗಳವಾಡಿದವು, ಕೊಂಬೆಗಳು ತೂಗಿದವು, ಹಸಿರು ಕಾಣದಂತಾಯಿತು. ಸಾಲು ಬಂದಾಗಲೆಲ್ಲ "ಅತ್ತೆ, ನೋಡಿ" ಎನ್ನಲು ತಿರುಗುತ್ತಿದ್ದೆ. ಅಲ್ಲಿ ಯಜಮಾನರು ಕೊಡೆ ಹಿಡಿದು ರಸ್ತೆ ನೋಡುತ್ತಿದ್ದರು.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೇಳಿದರು: "ನೀರಿಗೆ ಬಗ್ಗಿದ ಗಿಡ್ಡ ಮರ ಒಂದು ಉಂಟಲ್ಲ, ಅದಕ್ಕೆ ಕಪ್ಪಿನವು ಬಂದವಾ?"

"ನೀರುಕಾಗೆ. ಬಂದವು."

"ರೆಕ್ಕೆ ಬಿಡಿಸಿ ಕೂತವಾ, ಒಣಹಾಕಿದ ಕೊಡೆಯ ಹಾಗೆ?"

"ಹೌದು, ಹಾಗೇ."

ಆಮೇಲೆ ಅದೇ ಪದ್ಧತಿಯಾಯಿತು. ಒಂದು ಭಾನುವಾರ ಅವರು, ಇನ್ನೊಂದು ಭಾನುವಾರ ನಾನು. ಹೋದವಳು ನೋಡುವುದು, ಉಳಿದವಳು ಕೇಳುವುದು. ಮಳೆಗಾಲದಲ್ಲಿ ಗೂಡು ಕಟ್ಟಿದ್ದನ್ನು ಅವರು ಕಂಡರು, ಮರಿ ಬಾಯಿ ತೆರೆದದ್ದನ್ನು ನಾನು. ಎರಡನ್ನೂ ಇಬ್ಬರೂ ಅಡುಗೆಮನೆಯಲ್ಲಿ ಮಾತಿನಲ್ಲೇ ನೋಡಿದೆವು. ಆ ಮರಗಳ ಕೆಳಗೆ ಜೊತೆಯಾಗಿ ಮಾತ್ರ ಒಮ್ಮೆಯೂ ನಿಲ್ಲಲಿಲ್ಲ.

ಬೆಂಗಳೂರಿಗೆ ವರ್ಗವಾಯಿತು. ಸಾಮಾನು ಕಟ್ಟುವಾಗ ಅತ್ತೆ ದೀಪವನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಹಳೆಯ ಸೀರೆಯಲ್ಲಿ ಸುತ್ತಿ, ಪೆಟ್ಟಿಗೆಯ ತಳದಲ್ಲಿಟ್ಟರು. ಮೊಳೆ ಹೊಡೆದದ್ದಾಯಿತು. ನನ್ನ ಕಡೆ ನೋಡಿ ಮೆಲ್ಲಗೆ ನಕ್ಕರು. "ಇವತ್ತು ಹಚ್ಚಲಿಕ್ಕೆ ದೀಪವೇ ಇಲ್ಲ. ರೈಲಿಗೆ ಮೊದಲು ಇಬ್ಬರೂ ಹೋಗಿ ಬರುವನಾ?"

ಲಾರಿ ಮಧ್ಯಾಹ್ನ ಬರಬೇಕಿತ್ತು. ಬರಲಿಲ್ಲ. ಖಾಲಿ ಜಗುಲಿಯಲ್ಲಿ ಚಪ್ಪಲಿ ಮೆಟ್ಟಿಕೊಂಡೇ ಕೂತೆವು. ಯಜಮಾನರು ಗೇಟಿಗೂ ರಸ್ತೆಗೂ ತಿರುಗಿದರು. ಲಾರಿ ಬಂದು ಸಾಮಾನು ಏರುವಷ್ಟರಲ್ಲಿ ಬಿಸಿಲು ಕೆಂಪಾಗಿತ್ತು, ನೇರ ಸ್ಟೇಷನ್ನಿಗೇ ಹೋಗಬೇಕಾಯಿತು.

ಪ್ಲಾಟ್‌ಫಾರ್ಮಿನಲ್ಲಿ ಅತ್ತೆ ನನ್ನ ಮೊಣಕೈ ಹಿಡಿದರು. "ನೋಡೇ." ತಲೆಯ ಮೇಲೆ, ಬಹಳ ಎತ್ತರದಲ್ಲಿ, ಬಿಳಿ ಸಾಲೊಂದು ಹಿನ್ನೀರಿನ ಕಡೆಗೆ ಹೋಗುತ್ತಿತ್ತು. ಛಾವಣಿ ಅಡ್ಡ ಬರುವತನಕ ಇಬ್ಬರೂ ನೋಡಿದೆವು.

ಬೆಂಗಳೂರಿನಲ್ಲಿ ಸಂಜೆ ನಾನು ಬತ್ತಿ ಸರಿಮಾಡುವಾಗ ಅವರು ಕೇಳುತ್ತಿದ್ದರು: "ಈಗ ಬಂದಿರಬಹುದಾ?"

"ಬಂದಿರುತ್ತವೆ ಅತ್ತೆ."

"ಆ ಗಿಡ್ಡ ಮರಕ್ಕೆ?"

"ಅದಕ್ಕೂ."

ಈಗ ಕೇಳುವವರಿಲ್ಲ. ದೀಪ ಅದೇ ಹೊತ್ತಿಗೆ ಹಚ್ಚುತ್ತೇನೆ. ಬೆಂಕಿಕಡ್ಡಿ ಆರಿಸಿ, ಅವರು ಕೇಳುತ್ತಿದ್ದಷ್ಟು ಹೊತ್ತು ಸುಮ್ಮನೆ ನಿಂತು, ಬಂದಿರುತ್ತವೆ ಎನ್ನುತ್ತೇನೆ.